ಮಾದಪ್ಪನ ಪದ ಅಲ್ಲಿಗ್ಯಾಕೆ ಬಂತು?

ಗುಂಡ್ಲುಪೇಟೆಯಲ್ಲಿ ಗೆಳೆಯನೊಬ್ಬನ ಮನೆಯ ಮಹಡಿಯ ಮೇಲೆ ನಾವು ಏಳೆಂಟು ಜನ ತಿಂಗಳಿಗೊಂದು ಸಿನಿಮಾ ನೋಡುತ್ತೇವೆ. ಗೋಡೆಗೆ ಬಿಳಿ ಪಂಚೆ, ಬಾಡಿಗೆಗೆ ತಂದ ಪ್ರೊಜೆಕ್ಟರ್, ಮುಗಿದ ಮೇಲೆ ಚಹಾ ಮತ್ತು ಚರ್ಚೆ. ಬರುವವರಲ್ಲಿ ಹೆಚ್ಚಿನವರು ಪದವಿ ಓದುತ್ತಿರುವ ಹುಡುಗರು. ಒಂದು ಭಾನುವಾರ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ ಹಾಕಿದ್ದೆವು. ಅದನ್ನು ಆರಿಸಿದ್ದು ನಾನೇ. 2021ರಲ್ಲಿ ಅದು ಬಿಡುಗಡೆಯಾದಾಗ ಒಂದು ಸಣ್ಣ ಪತ್ರಿಕೆಗೆ ವಿಮರ್ಶೆಯನ್ನೂ ಬರೆದಿದ್ದೆ. ಕನ್ನಡದ ರೌಡಿ ಸಿನಿಮಾ ಕೊನೆಗೂ ವಾಸ್ತವದ ನೆಲ ಮುಟ್ಟಿತು ಎಂಬ ಧಾಟಿಯ ಬರಹ ಅದು.

ಅವತ್ತು ಹನೂರು ಕಡೆಯಿಂದ ಬಂದಿದ್ದ ನಮ್ಮ ದೊಡ್ಡಪ್ಪನೂ ಜೊತೆಗಿದ್ದರು. ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಊರು ಅವರದು. ಮನೆಯಲ್ಲಿ ಒಬ್ಬರೇ ಕೂತು ಬೇಜಾರು ಎಂದು ನನ್ನ ಹಿಂದೆ ಬಂದವರು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಚಿತ್ರದಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಬರುತ್ತದಲ್ಲ, ಆಗ ಎಚ್ಚರವಾಗಿ ನೆಟ್ಟಗೆ ಕೂತರು. ಹಾಡಿನ ಜೊತೆ ಮೆಲ್ಲಗೆ ತುಟಿಯಾಡಿಸಿದರು. ಆಮೇಲೆ ತೆರೆಯ ಮೇಲೆ ನಡೆಯುತ್ತಿದ್ದುದನ್ನು ನೋಡಿ ಸುಮ್ಮನಾದರು.

ಚಹಾ ಕುಡಿಯುವಾಗ ಹುಡುಗರೆಲ್ಲ ಕ್ಯಾಮೆರಾ, ಬೆಳಕು, ಮೌನ ಎಂದು ಮಾತಾಡುತ್ತಿದ್ದರು. ದೊಡ್ಡಪ್ಪ ನನ್ನ ಕಡೆ ತಿರುಗಿ ಕೇಳಿದರು: “ಮಾದಪ್ಪನ ಪದ ಅಲ್ಲಿಗ ಯಾಕ್ ಬಂತು ಕನಪ್ಪ?”

ನಾನು ಕಲಿತದ್ದನ್ನೆಲ್ಲ ಹೇಳಿದೆ. ಆ ಪಾತ್ರದ ಹೆಸರು ಶಿವ, ಇನ್ನೊಬ್ಬ ಹರಿ, ಪೊಲೀಸ್ ಅಧಿಕಾರಿ ಬ್ರಹ್ಮಯ್ಯ, ಸೃಷ್ಟಿ ಸ್ಥಿತಿ ಲಯ, ಹಾಡಿನ ಮಾದೇವನಿಗೂ ಈ ಶಿವನಿಗೂ ಸಂಬಂಧ, ಹೀಗೆ. ಅವರು ಪೂರ್ತಿ ಕೇಳಿಸಿಕೊಂಡು ಅಂದದ್ದು ಇಷ್ಟೇ: “ಅವ್ನು ಕೊಲ್ಲಾವ್ನು. ಆ ಪದ ಬೆಟ್ಟ ಹತ್ತೋರು ಹಾಡಾದು.”

ಅವರಿಗೆ ಸಿಟ್ಟೇನೂ ಇರಲಿಲ್ಲ. ಮಾತು ಮುಗಿಸಿ ಮಳೆಯ ವಿಷಯ ಎತ್ತಿದರು. ಆದರೆ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಈ ಬರಹ ಆ ಉತ್ತರವನ್ನು ಇನ್ನೊಮ್ಮೆ ಹುಡುಕುವ ಪ್ರಯತ್ನ.

ಮನೆಗೆ ಬಂದು ನನ್ನ ಹಳೆಯ ವಿಮರ್ಶೆಯನ್ನು ತೆಗೆದು ಓದಿದೆ. ಹೊಗಳಿಕೆಯ ಕಾರಣಗಳನ್ನು ಗುರುತು ಹಾಕುತ್ತಾ ಹೋದರೆ ಒಂದು ವಿಚಿತ್ರ ಕಂಡಿತು. ನಾಯಕನಿಗೆ ಪರಿಚಯದ ಹಾಡಿಲ್ಲ, ನಾಯಕಿಯ ಸುತ್ತ ಕುಣಿತವಿಲ್ಲ, ಗಾಳಿಯಲ್ಲಿ ಹಾರುವ ಹೊಡೆದಾಟವಿಲ್ಲ, ಪ್ರಾಸದ ಡೈಲಾಗಿಲ್ಲ, ಹಾಸ್ಯನಟನಿಲ್ಲ. ನಾನು ಅಂಕ ಕೊಟ್ಟದ್ದೆಲ್ಲ ಇಲ್ಲದಿರುವುದಕ್ಕೆ. ಇರುವುದರ ಬಗ್ಗೆ ಬರೆದ ವಾಕ್ಯಗಳು ನಾಲ್ಕೋ ಐದೋ. ಅವೂ ಬೆಳಕಿನ ಬಗ್ಗೆ, ಮಂಗಳೂರು ಕನ್ನಡದ ಬಗ್ಗೆ.

ನಾನೊಬ್ಬನೇ ಹೀಗೆ ಮಾಡಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳಿಂದ, ಹಿಂದಿಯ ‘ಸತ್ಯ’ (1998) ಬಂದ ಮೇಲಂತೂ, ರೌಡಿಗಳ ಸಿನಿಮಾವನ್ನು ನಾವು ಅಳೆಯುವುದೇ ಹೀಗೆ. ಮಂಕು ಬೆಳಕು, ಕೈಯಲ್ಲಿ ಹಿಡಿದ ಕ್ಯಾಮೆರಾ, ಆಯಾ ಊರಿನ ಬೈಗುಳ, ಬೆವರಿದ ಮುಖಗಳು, ಹಠಾತ್ತನೆ ಬೀಳುವ ಹೆಣ. ಇವಿಷ್ಟಿದ್ದರೆ ಸಿನಿಮಾ ‘ರಿಯಲಿಸ್ಟಿಕ್’. ಗಲ್ಲಾಪೆಟ್ಟಿಗೆಯಲ್ಲಿ ಸೋತರೆ ಇನ್ನೂ ಒಳ್ಳೆಯದು, ‘ಆಫ್‌ಬೀಟ್’ ಎಂಬ ಬಿರುದು ಸಿಗುತ್ತದೆ, ಸೋಲಿಸಿದ ಪ್ರೇಕ್ಷಕನಿಗೆ ದಡ್ಡನ ಪಟ್ಟ ಸಿಗುತ್ತದೆ.

ಆಫ್‌ಬೀಟ್ ಎಂಬ ಮಾತಿಗೆ ಕನ್ನಡದಲ್ಲಿ ಒಂದು ಕಾಲಕ್ಕೆ ಬೆಲೆ ತೆತ್ತದ್ದುಂಟು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅನಂತಮೂರ್ತಿಯವರ ಕಾದಂಬರಿಯಿಂದ ‘ಸಂಸ್ಕಾರ’ ಮಾಡಿದಾಗ ಸೆನ್ಸಾರ್ ಮಂಡಳಿ ಅದನ್ನು ಮೊದಲು ತಡೆದಿತ್ತು. ಆ ಸಿನಿಮಾ ಒಂದು ಅಗ್ರಹಾರವನ್ನು ಅದರ ಹೆಣದ ಎದುರು ನಿಲ್ಲಿಸಿ, ಈಗ ಏನು ಮಾಡುತ್ತೀರಿ ಎಂದು ಕೇಳಿತ್ತು. ಅದು ಬೇರೆಯಾಗಿದ್ದುದು ಅದು ಕೇಳಿದ ಪ್ರಶ್ನೆಯಿಂದ. ಇವತ್ತು ಬೇರೆತನ ಒಂದು ಅಂಗಿಯಾಗಿದೆ, ಯಾರು ಬೇಕಾದರೂ ತೊಡಬಹುದು. ಒಳಗಿರುವವನು ಅದೇ ಹಳೆಯ ನಾಯಕ: ಮಾತು ಕಡಿಮೆ, ನೋವು ಜಾಸ್ತಿ, ಹೊಡೆದರೆ ಎದುರಾಳಿ ಏಳುವುದಿಲ್ಲ. ಮೊದಲು ಅವನು ಬಂದಾಗ ಶಿಳ್ಳೆ ಹೊಡೆಯುತ್ತಿದ್ದೆವು, ಈಗ ಗಂಭೀರವಾಗಿ ತಲೆಯಾಡಿಸುತ್ತೇವೆ.

ಚಾಮರಾಜನಗರ ಜಿಲ್ಲೆಯವರಾದ ನಮಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಅದನ್ನು ಅನುಕೂಲ ಎನ್ನುವುದೂ ಕಷ್ಟವೇ. ತೆರೆಗೆ ಹೋದ ಒಬ್ಬ ದೊಡ್ಡ ಪಾತಕಿಯ ಕಥೆ ನಡೆದದ್ದು ನಮ್ಮ ಕಾಡಿನಲ್ಲಿ. ಹಾಗಾಗಿ ತೆರೆಯ ಮೇಲಿನದನ್ನು ನೆಲದ ಮೇಲಿನದರ ಪಕ್ಕ ಇಟ್ಟು ನೋಡಬಹುದು.

2000ನೇ ಇಸವಿ ಜುಲೈ 30ರ ರಾತ್ರಿ ವೀರಪ್ಪನ್ ದೊಡ್ಡಗಾಜನೂರಿನ ತೋಟದ ಮನೆಯಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ನಾನು ಚಾಮರಾಜನಗರದಲ್ಲಿ ಐದನೇ ಕ್ಲಾಸು. ಗಾಜನೂರು ತಮಿಳುನಾಡಿಗೆ ಸೇರಿದ್ದಾದರೂ ನಮಗದು ಪಕ್ಕದೂರು. ಟಾಕೀಸುಗಳು ಮುಚ್ಚಿದವು. ನೂರೆಂಟು ದಿನ, ನವೆಂಬರ್ 15ರ ತನಕ, ದೊಡ್ಡವರು ರೇಡಿಯೋ ಸುತ್ತ ಕೂರುತ್ತಿದ್ದರು. ಸಿನಿಮಾದ ನಾಯಕನನ್ನು ಕಾಡಿನಿಂದ ಬಿಡಿಸಿ ತರಲು ಯಾವ ನಾಯಕನಿಂದಲೂ ಆಗಲಿಲ್ಲ, ಸಂಧಾನಕಾರರು ಹೋಗಬೇಕಾಯಿತು ಎಂಬುದು ನಮ್ಮ ತಲೆಮಾರಿನ ಮಕ್ಕಳಿಗೆ ಹತ್ತು ವರ್ಷದೊಳಗೇ ಗೊತ್ತಾಗಿಹೋಯಿತು.

ವೀರಪ್ಪನ್ ಬದುಕಿದ್ದಾಗಲೇ ಅವನ ಮೇಲೆ ಸಿನಿಮಾ ಬಂದಿತ್ತು: 1991ರಲ್ಲಿ ದೇವರಾಜ್ ಅಭಿನಯದ ‘ವೀರಪ್ಪನ್’. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ಅವನು ಸತ್ತ ಮೇಲೆ ‘ವಾಸ್ತವ’ದ ಸರದಿ. ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ (2013), ರಾಮ್‌ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ (2016). ಎರಡೂ ನಡೆದದ್ದನ್ನೇ ತೋರಿಸುತ್ತೇವೆ ಎಂಬ ಹಮ್ಮಿನೊಂದಿಗೆ ಬಂದವು.

‘ಅಟ್ಟಹಾಸ’ದಲ್ಲಿ ಕಿಶೋರ್ ಅವರ ಅಭಿನಯ ಇವತ್ತಿಗೂ ನನಗೆ ಇಷ್ಟ. ಅರಚಾಟವಿಲ್ಲದೆ ಒಬ್ಬ ಕ್ರೂರಿಯನ್ನು ನಿಲ್ಲಿಸಿದ್ದಾರೆ. ಆದರೆ ಸಿನಿಮಾ ಪೊಲೀಸ್ ಕಡತದ ಪುಟ ತಿರುವಿದ ಹಾಗೆ ನಡೆಯುತ್ತದೆ. ಒಂದು ಘಟನೆ, ಮುಂದಿನ ಘಟನೆ, ಅದರ ಮುಂದಿನದು. ನಡೆದ ಘಟನೆಗಳೇ ಇರಬಹುದು, ಆದರೆ ಘಟನೆಗಳ ನಡುವೆ ಊರುಗಳಲ್ಲಿ ಏನು ನಡೆಯುತ್ತಿತ್ತು ಎಂಬ ಕುತೂಹಲ ಕ್ಯಾಮೆರಾಕ್ಕೆ ಕಡಿಮೆ. ‘ಕಿಲ್ಲಿಂಗ್ ವೀರಪ್ಪನ್’ ಬೇಟೆಯ ತಂತ್ರದ ಸಿನಿಮಾ. ಅಪಹರಣಕ್ಕೊಳಗಾದ ತಂದೆಯ ಮಗ ಶಿವರಾಜ್‌ಕುಮಾರ್ ಅಲ್ಲಿ ಅಪಹರಿಸಿದವನನ್ನು ಬೇಟೆಯಾಡುವ ಅಧಿಕಾರಿ. ಇದಕ್ಕಿಂತ ತೀವ್ರವಾದ ಸಂದರ್ಭ ಕನ್ನಡ ಸಿನಿಮಾಕ್ಕೆ ಮತ್ತೆ ಸಿಗಲಾರದು. ಸಿನಿಮಾ ಮಾತ್ರ ಹೊಂಚಿನಲ್ಲಿ, ಹಿನ್ನೆಲೆ ಸಂಗೀತದ ಅಬ್ಬರದಲ್ಲಿ ಮುಳುಗಿಬಿಟ್ಟಿತು.

ನೆಲದ ಮೇಲೆ ಏನಿತ್ತು? ಮೊದಲನೆಯದು ಕಾಸಿನ ಲೆಕ್ಕ. 2001ರ ತಿದ್ದುಪಡಿಯ ತನಕ ಕರ್ನಾಟಕದಲ್ಲಿ ರೈತನ ಸ್ವಂತ ಹೊಲದ ಬದುವಿನಲ್ಲಿ ಹುಟ್ಟಿದ ಶ್ರೀಗಂಧದ ಮರವೂ ಸರ್ಕಾರದ್ದೇ. ಬೆಳೆಸಿದವನಿಗೆ ಮರದ ಮೇಲೆ ಹಕ್ಕಿಲ್ಲ, ಕದ್ದು ಹೋದರೆ ವಿಚಾರಣೆಯ ಭಯ. ಇಂಥ ಕಾನೂನಿನ ನೆರಳಿನಲ್ಲಿ ಒಬ್ಬ ಗಂಧಗಳ್ಳ ಹೇಗೆ ಬೆಳೆಯುತ್ತಾನೆ, ಕಡಿದ ಮರ ಬೆಟ್ಟ ಇಳಿದು ಯಾರ ಗೋದಾಮು ಸೇರುತ್ತದೆ, ಕೊಳ್ಳುವವರು ಯಾರು? ನಮ್ಮ ಜಿಲ್ಲೆಯ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದ ಕಾಲ ಅದು. ಗಣಿ ಮಾಲೀಕರಿಂದ ಅವನು ವಸೂಲಿ ಮಾಡಿದ್ದು ಎಲ್ಲರಿಗೂ ಗೊತ್ತಿದ್ದ ವಿಷಯ. ಮೀಸೆಯನ್ನು ಎಷ್ಟೊಂದು ಸಲ ಹತ್ತಿರದಿಂದ ತೋರಿಸುವ ಸಿನಿಮಾಗಳು ಗಂಧ ಕೊಂಡವರ ಮುಖವನ್ನು ಅದರಲ್ಲಿ ಕಾಲು ಭಾಗ ಹೊತ್ತಾದರೂ ತೋರಿಸಬಹುದಿತ್ತು.

ಎರಡನೆಯದು, ನಡುವೆ ಸಿಕ್ಕಿಬಿದ್ದವರ ಬದುಕು. ಅವನ ಕಡೆಯಿಂದ ಬಂದ ಸಾವು ಕಡಿಮೆಯದಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಸಿಡಿದ ನೆಲಬಾಂಬಿಗೆ 22 ಜನ ಹೋದರು. 2002ರಲ್ಲಿ ಕಾಮಗೆರೆಯಿಂದ ಹೊತ್ತೊಯ್ದ ಮಾಜಿ ಸಚಿವ ಎಚ್. ನಾಗಪ್ಪನವರು ಹೆಣವಾಗಿ ಸಿಕ್ಕರು. ಇನ್ನೊಂದು ಕಡೆಯಿಂದಲೂ ಏಟು ಬಿತ್ತು. ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಹಳ್ಳಿಗರು ಬಂದು ಸಾಕ್ಷಿ ಹೇಳಿದರು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಹೇಳಿತು. ಮಾದಪ್ಪನ ಬೆಟ್ಟದಲ್ಲಿದ್ದ ವಿಚಾರಣೆಯ ಜಾಗವನ್ನು ಜನ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದರು. ಪದ ಹಾಡುತ್ತಾ ಹತ್ತುವ ಬೆಟ್ಟವೂ ಅದೇ, ವರ್ಕ್‌ಶಾಪ್ ಇದ್ದ ಬೆಟ್ಟವೂ ಅದೇ. ದೊಡ್ಡಪ್ಪನ ಪ್ರಶ್ನೆ ನನಗೆ ಭಾರವಾದದ್ದು ಈ ಕಾರಣಕ್ಕೆ. ಆ ಹಾಡಿನೊಳಗೆ ಒಂದು ಊರಿನ ಮೊರೆಯಿದೆ. ಅದನ್ನು ಒಬ್ಬ ರೌಡಿಯ ಸುತ್ತ ಪ್ರಭಾವಳಿಯಾಗಿ ಕಟ್ಟಿದಾಗ ಕೇಳಲು ಸೊಗಸಾಗಿಯೇ ಇರುತ್ತದೆ. ಮೊರೆಯಿಟ್ಟವರು ಮಾತ್ರ ಚೌಕಟ್ಟಿನ ಹೊರಗೆ ಉಳಿಯುತ್ತಾರೆ.

ಮೂರನೆಯದು, ನನ್ನ ಮಟ್ಟಿಗೆ ಇನ್ನೂ ಯಾರೂ ತೆಗೆಯಬೇಕಾದ ಹಾಗೆ ತೆಗೆಯದ ಸಿನಿಮಾ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಬೀಡುಬಿಟ್ಟು, ಊರ ಜನರ ಜೊತೆ ಬದುಕಿ, ಅಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗುತ್ತೇನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಕಾಡಿಗೆ ಹೋದವರನ್ನು ವೀರಪ್ಪನ್ ಕೊಂದ. ಸತ್ತ ಮೇಲೆ ಅವರಿಗೆ ಕೀರ್ತಿಚಕ್ರ ಬಂತು. ಆ ಊರಿನವರು ಅವರನ್ನು ಇವತ್ತಿಗೂ ನೆನೆಯುತ್ತಾರೆ. ಕೊಂದವನ ಊರು ಸತ್ತವರನ್ನು ನೆನೆಯುವುದೆಂದರೆ ಸಣ್ಣ ಸಂಗತಿಯಲ್ಲ. ಸಿನಿಮಾಗಳಿಗೆ ಅದು ಹೆಚ್ಚೆಂದರೆ ಒಂದು ಸನ್ನಿವೇಶ, ಮುಂದಿನ ಕೊಲೆಗೆ ಹೋಗುವ ದಾರಿ. 2023ರಲ್ಲಿ ಸೆಲ್ವಮಣಿ ಸೆಲ್ವರಾಜ್ ಅವರು ಮಾಡಿದ ಸಾಕ್ಷ್ಯಚಿತ್ರ ಸರಣಿ ‘ದಿ ಹಂಟ್ ಫಾರ್ ವೀರಪ್ಪನ್’ ಇವರ ಪೈಕಿ ಕೆಲವರಿಗಾದರೂ ಕುರ್ಚಿ ಹಾಕಿ ಕೂರಿಸಿ ಮಾತಾಡಲು ಬಿಟ್ಟಿತು. ಕಥಾಚಿತ್ರಗಳು ಮಾಡದ ಕೆಲಸ ಅದು.

ಹಾಗಾದರೆ ವಾಸ್ತವಿಕ ರೌಡಿ ಸಿನಿಮಾ ಎಂದರೆ ಯಾವುದು? ಬೆಳಕು ಎಷ್ಟು ಮಂಕಾಗಿದೆ ಎಂದು ಕೇಳುವ ಬದಲು ನಾನೀಗ ಮೂರು ಸಾದಾ ಪ್ರಶ್ನೆ ಕೇಳುತ್ತೇನೆ. ಈ ರೌಡಿ ಯಾರಿಗೆ ಬೇಕಾಗಿದ್ದಾನೆ? ಅವನು ಎಲ್ಲಿಂದ ಬಂದ? ಅವನು ಮಾಡಿದ್ದನ್ನು ಆಮೇಲೆ ಹೊರುವವರು ಯಾರು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ನಮ್ಮ ಪಟ್ಟಿ ಅದಲುಬದಲಾಗುತ್ತದೆ.

ಕೆ.ಎಂ. ಚೈತನ್ಯ ಅವರ ‘ಆ ದಿನಗಳು’ (2007) ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಅದರ ಮೂಲ. ಅಲ್ಲಿ ಮಗನ ಪ್ರೀತಿಯನ್ನು ಮುರಿಯಲು ಒಬ್ಬ ಸಿರಿವಂತ ತಂದೆ ರೌಡಿಯ ಮೊರೆ ಹೋಗುತ್ತಾನೆ. ಆ ತಂದೆಯ ಪಾತ್ರ ಗಿರೀಶ್ ಕಾರ್ನಾಡರದು. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ದೊಡ್ಡ ಮನೆ. ಭೂಗತ ಜಗತ್ತಿನ ಗಿರಾಕಿಗಳು ಭೂಮಿಯ ಮೇಲೆಯೇ, ಮರ್ಯಾದಸ್ಥರ ಬೀದಿಯಲ್ಲೇ ಇದ್ದಾರೆ ಎಂಬುದು ಅಲ್ಲಿ ಭಾಷಣವಿಲ್ಲದೆ ತಿಳಿಯುತ್ತದೆ.

ಎರಡನೆಯ ಪ್ರಶ್ನೆಗೆ ಸೂರಿಯವರ ‘ದುನಿಯಾ’ (2007). ಅದನ್ನು ಯಾರೂ ಆಫ್‌ಬೀಟ್ ಎನ್ನಲಿಲ್ಲ. ಹಾಡಿದೆ, ಹೊಡೆದಾಟವಿದೆ, ಟಾಕೀಸಿನಲ್ಲಿ ಶಿಳ್ಳೆ ಬಿದ್ದಿದೆ. ಆದರೆ ಅದರ ನಾಯಕ ಶಿವಲಿಂಗು ಕಲ್ಲು ಒಡೆಯುವವನು, ತಾಯಿಗೆ ಒಂದು ಸಮಾಧಿ ಕಟ್ಟಬೇಕೆಂಬ ಆಸೆ ಹೊತ್ತವನು. ಕಲ್ಲುಗಣಿಯ ಜಿಲ್ಲೆಯಲ್ಲಿ ಬೆಳೆದ ನನಗೆ ಆ ಕೈಗಳು ಗೊತ್ತು. ದಿನವಿಡೀ ಬೇರೆಯವರ ಗೋಡೆಗೆ ಕಲ್ಲು ಒಡೆದವನಿಗೆ ಹೆತ್ತವಳ ಮೇಲೆ ಇಡಲು ಕಲ್ಲು ಹೊಂದಿಸಲಾಗದು. ಇಂಥವನು ಬೆಂಗಳೂರಿಗೆ ಬಂದು ರೌಡಿಗಳ ಕೈಗೆ ಸಿಕ್ಕಾಗ ಅಚ್ಚರಿಯಾಗುವುದಿಲ್ಲ, ಸಂಕಟವಾಗುತ್ತದೆ.

ಮೂರನೆಯದಕ್ಕೆ ಎರಡು ಸಿನಿಮಾ ಹೇಳುತ್ತೇನೆ. ಉಪೇಂದ್ರ ಅವರ ‘ಓಂ’ (1995) ಬಗ್ಗೆ ಮಾತೆತ್ತಿದರೆ ಎಲ್ಲರೂ ಅದರಲ್ಲಿ ನಿಜವಾದ ರೌಡಿಗಳು ನಟಿಸಿದ್ದಾರೆ ಎನ್ನುತ್ತಾರೆ. ನಿಜ, ಆದರೆ ಆ ಸಿನಿಮಾ ಅಷ್ಟೊಂದು ಸಲ ಮರುಬಿಡುಗಡೆಯಾದರೂ ಜನ ಬಂದದ್ದು ಅದಕ್ಕಲ್ಲ. ಪುರೋಹಿತರ ಮನೆಯ ಹುಡುಗ ಮಚ್ಚು ಹಿಡಿದಾಗ ಆ ಮನೆಯೊಳಗೆ ಏನಾಗುತ್ತದೆ ಎಂಬುದಕ್ಕೆ. ಹಂಸಲೇಖರ ಹಾಡುಗಳ ನಡುವೆಯೂ ಆ ಮನೆಯ ನೋವು ಸುಳ್ಳೆನಿಸುವುದಿಲ್ಲ. ಇನ್ನೊಂದು ಸುಮನಾ ಕಿತ್ತೂರು ಅವರ ‘ಎದೆಗಾರಿಕೆ’ (2012). ಸಾಯಬೇಕಾದವನನ್ನು ಸಕಲೇಶಪುರದ ಕಡೆ ಕರೆದೊಯ್ದ ಕೊಲೆಗಾರರು ಕಾಯಬೇಕಾಗುತ್ತದೆ. ಒಟ್ಟಿಗೆ ಉಂಡು, ಮಾತಾಡಿ, ಅವನನ್ನು ಮನುಷ್ಯನೆಂದು ತಿಳಿದ ಮೇಲೆ ಕೊಲ್ಲುವುದು ಹೇಗೆ? ಕೊಲೆಯ ಭಾರ ಕೊಲ್ಲುವವನ ಹೆಗಲಿಗೂ ಬೀಳುವುದನ್ನು ಇಷ್ಟು ಸಾವಧಾನವಾಗಿ ತೋರಿಸಿದ ಸಿನಿಮಾ ನಮ್ಮಲ್ಲಿ ಕಡಿಮೆ. ಇದು ಸದ್ದಿಲ್ಲದ ಸಿನಿಮಾವೇ. ಹಾಗಾಗಿ ನನ್ನ ತಕರಾರು ಸದ್ದಿಲ್ಲದಿರುವುದರ ಮೇಲಲ್ಲ.

ಒಬ್ಬ ಹುಡುಗ ಸರಿಯಾದ ಆಕ್ಷೇಪ ಎತ್ತಿದ: “ಸಾರ್, ಸಿನಿಮಾ ಅಂದ್ರೆ ಆಯೋಗದ ವರದಿನಾ? ಪುರಾಣದ ಥರ ಕಥೆ ಹೇಳೋ ಹಕ್ಕು ಅದಕ್ಕಿಲ್ವಾ?” ಖಂಡಿತ ಇದೆ. ‘ಗರುಡ ಗಮನ’ವನ್ನು ಪುರಾಣವೆಂದು ನೋಡಿದರೆ ಅದು ಗಟ್ಟಿಯಾದ ಸಿನಿಮಾ. ಅದರ ಬ್ರಹ್ಮಯ್ಯ, ಕೈಲಾಗದ ಕೆಲಸಕ್ಕೆ ಸಿಕ್ಕಿಬಿದ್ದ ಆ ಪೊಲೀಸ್ ಅಧಿಕಾರಿ, ಕನ್ನಡ ಸಿನಿಮಾದ ಪೊಲೀಸರಲ್ಲೇ ಅಪರೂಪದವನು. ನನ್ನ ವಿಮರ್ಶೆಯಲ್ಲಿ ಅವನ ಬಗ್ಗೆ ಒಂದೇ ಒಂದು ಸಾಲಿತ್ತು. ಪುರಾಣವನ್ನು ಪುರಾಣವೆಂದು ಮೆಚ್ಚುವ ಬದಲು ವಾಸ್ತವವೆಂದು ಹೊಗಳಿದ್ದು ನನ್ನ ತಪ್ಪು. ಹಾಗೆ ಹೊಗಳಿದಾಗ ಸಿನಿಮಾಕ್ಕೂ ಅನ್ಯಾಯ, ವಾಸ್ತವ ಎಂಬ ಮಾತಿಗೂ ಅನ್ಯಾಯ. ಗಂಧದ ಮರ, ಕರಿಕಲ್ಲು, ವರ್ಕ್‌ಶಾಪ್ ಇರುವ ಊರಿನಲ್ಲಿ ಆ ಮಾತನ್ನು ಸ್ವಲ್ಪ ಜೋಪಾನವಾಗಿ ಬಳಸಬೇಕು.

ಆಫ್‌ಬೀಟ್ ಸಿನಿಮಾಗಳನ್ನು ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಅವು ಬೇಕು, ದುಡ್ಡು ಹಾಕುವವರು ಸಿಗದೆ ಒದ್ದಾಡುವ ಹೊಸಬರಿಗೆ ನಮ್ಮ ಬೆಂಬಲವೂ ಬೇಕು. ಬೆಂಬಲಿಸುವುದು ಬೇರೆ, ವಿನಾಯಿತಿ ಕೊಡುವುದು ಬೇರೆ. ಮಾಸ್ ಸಿನಿಮಾ ಒಂದು ಹೆಣ ಬೀಳಿಸಿದರೆ ಹಿಂಸೆಯ ವೈಭವೀಕರಣ ಎಂದು ಬರೆಯುವ ನಾವು, ಅದೇ ಹೆಣ ಮಂದ ಬೆಳಕಿನಲ್ಲಿ ಬಿದ್ದರೆ ‘ಹಿಂಸೆಯ ಧ್ಯಾನ’ ಎಂದು ಬರೆಯುತ್ತೇವೆ. ಬಿದ್ದವನಿಗೆ ಎರಡೂ ಒಂದೇ.

ಮುಂದಿನ ತಿಂಗಳಿಗೆ ‘ದುನಿಯಾ’ ಹಾಕೋಣ ಎಂದೆ. ಹುಡುಗರು ನಕ್ಕರು, ಅದನ್ನು ಟಿವಿಯಲ್ಲಿ ಎಷ್ಟು ಸಲ ನೋಡಿಲ್ಲ ಎಂದರು. ಆದರೂ ಬಂದರು. ಈ ಸಲ ಯಾರೂ ಬೆಳಕಿನ ಮಾತೆತ್ತಲಿಲ್ಲ. ಹರದನಹಳ್ಳಿ ಕಡೆಯ ಒಬ್ಬ ಹುಡುಗ, ತನ್ನಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದಾಗ ರಾತ್ರಿ ಅಂಗೈಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದುದನ್ನು ಹೇಳಿದ. ಎರಡು ವರ್ಷದಿಂದ ಬರುತ್ತಿದ್ದವನು ಅವತ್ತೇ ಮೊದಲು ಬಾಯಿಬಿಟ್ಟದ್ದು.

ದೊಡ್ಡಪ್ಪ ಅಷ್ಟರಲ್ಲಿ ಊರಿಗೆ ಹೋಗಿದ್ದರು. ಫೋನಿನಲ್ಲಿ ನಿಮ್ಮ ಪ್ರಶ್ನೆಗೆ ನಾನು ಅವತ್ತು ಹೇಳಿದ್ದು ಸರಿ ಇರಲಿಲ್ಲ ಎಂದೆ. ಅವರಿಗೆ ಯಾವ ಪ್ರಶ್ನೆ ಎಂಬುದೇ ನೆನಪಿರಲಿಲ್ಲ. ಪದದ ವಿಷಯ ಎಂದು ನೆನಪಿಸಿದ ಮೇಲೆ, “ಹಾಡ್ದವ್ಳು ಚೆಂದಾಗಿ ಹಾಡವ್ಳ ಬುಡು” ಎಂದರು.